ಜೇಬಿನಲ್ಲಿದ್ದ ಬ್ಯಾಟರಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಬಲಗೈಯ ಎರಡು ಬೆರಳು ಹೋದದ್ದು ಹೀಗೆ.

ರಿಮೋಟಿನಿಂದ ಹಾರುವ ಮಾದರಿ ಹೆಲಿಕಾಪ್ಟರ್‌ಗಳ ರಿಪೇರಿ ಕಲಿಸಿದವನು ನನ್ನ ಅಣ್ಣ. ರೆಕ್ಕೆಯ ಹತ್ತಿರ ಕೈ ಒಯ್ಯುವ ಮೊದಲು ಬ್ಯಾಟರಿ ಬಿಚ್ಚಿ ಅಂಗಿಯ ಜೇಬಿಗೆ ಇಳಿಸಲೇಬೇಕು. “ಬ್ಯಾಟರಿ ನಿನ್ನ ಜೇಬಲ್ಲಿದ್ರೆ ಹೆಲಿಕಾಪ್ಟರ್ ಬರೀ ತಗಡು ಕಣೋ. ನನ್ನ ನಂಬು,” ಅನ್ನುತ್ತಿದ್ದ. ಅವನು ತೀರಿಕೊಂಡ ಮೇಲೂ ಆ ಮಾತು ಮೀರಲಿಲ್ಲ.

ಅವನ ಹೆಲಿಕಾಪ್ಟರನ್ನು ಮಾರಿಬಿಡೋಣ ಎಂದರು ಅತ್ತಿಗೆ. ಸರಿ, ಒಂದು ಮಧ್ಯಾಹ್ನ ಅದನ್ನು ಅವನ ಮೇಜಿನ ಮೇಲೆಯೇ ಇಟ್ಟುಕೊಂಡು, ಬ್ಯಾಟರಿ ಬಿಚ್ಚಿ ಜೇಬಿಗಿಳಿಸಿದೆ. ರಿಮೋಟ್ ಬೀರುವಿನಲ್ಲಿತ್ತು, ಬೀಗದ ಕೈ ಅತ್ತಿಗೆಯ ಹತ್ತಿರ. ರೆಕ್ಕೆಯ ಸ್ಕ್ರೂ ಬಿಗಿಮಾಡುತ್ತಿದ್ದಾಗ ಜೇಬು ಬೆಚ್ಚಗಾಯಿತು. ಬೆನ್ನ ಹಿಂದೆ ಯಾರೋ ನಾಲಿಗೆಯಲ್ಲಿ ಲೊಚಗುಟ್ಟಿದರು. ಕೆಲಸ ಹಿಡಿಸದಿದ್ದರೆ ಅಣ್ಣ ಹಾಗೆಯೇ ಮಾಡುತ್ತಿದ್ದ.

“ಮಾರ್ತಿರೋದು ಅತ್ತಿಗೆ ಕಣೋ, ನಾನಲ್ಲ,” ಎಂದೆ ನಗುತ್ತಾ.

ರೆಕ್ಕೆ ತಿರುಗಿತು.

ಆಸ್ಪತ್ರೆಯಲ್ಲಿ ನನ್ನ ಜೇಬಿನಿಂದ ಬ್ಯಾಟರಿ ತೆಗೆದವರು ಅತ್ತಿಗೆಯೇ. “ನಿಮ್ಮಣ್ಣ ಹೇಳ್ಕೊಟ್ಟ ಹಾಗೇ ಮಾಡಿದ್ದೀಯಲ್ಲೋ!” ಎಂದು ಅತ್ತರು.

ಮನೆಗೆ ಬಂದು ಬೀರು ತೆಗೆಸಿದೆ. ಅಲ್ಲಿಯವರೆಗೂ ಬೀಗ ಹಾಕಿದ ಹಾಗೆಯೇ ಇತ್ತು. ರಿಮೋಟಿನ ವೇಗದ ಕಡ್ಡಿಯನ್ನು ಮಾತ್ರ ಯಾರೋ ಕೊನೆಯವರೆಗೂ ತಳ್ಳಿದ್ದರು. ಅದರ ಹಿಡಿ ಇನ್ನೂ ಬೆವರಿನಿಂದ ಒದ್ದೆಯಾಗಿತ್ತು.