ಹದಿನಾಲ್ಕು ಸಲ ತೆರೆದ ಪತ್ರ

"ಹದಿನಾಲ್ಕು ಸಲ ತೆರೆಯೋದು ಮನಷ್ಯಾ ಅಲ್ರಿ, ಯಾವುದೋ ಮಷೀನ್ ಇರಬೇಕು. ಪಟ್ಟಿಯಿಂದ ತಗದ ಒಗೀರಿ," ಎಂದು ಉದಯಕುಮಾರ ನಕ್ಕ.

ಹಳಿಯಾಳದ ವಾಚನಾಲಯದ ಮಹಡಿಯಲ್ಲಿ ಆ ಭಾನುವಾರ ಸೇರಿದ್ದವರು ಒಂಬತ್ತು ಜನ, ‘ಬಸ್ ಬಂತು’ ಆ್ಯಪ್ ಕಟ್ಟಿದವರು. ನೆಟ್‌ವರ್ಕ್ ಸಿಗದ ಜೋಯಿಡಾದ ಕಾಡಿನಲ್ಲೂ ಅದು ಬಸ್ಸಿನ ವೇಳೆ ಹೇಳುತ್ತಿತ್ತು. ಅದನ್ನು ನಡೆಸುವ ಕಂಪ್ಯೂಟರ್ ಕೋಡು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ತಿಂಗಳಿಗೊಮ್ಮೆ ಸದಸ್ಯರಿಗೆ ಇಮೇಲಿನಲ್ಲಿ ಒಂದು ಇಂಗ್ಲಿಷ್ ಸುದ್ದಿಪತ್ರ. ಬರೆಯುವವಳು ಮುಂಡಗೋಡಿನ ಶಿವಗಂಗಾ. ಪತ್ರವನ್ನು ಯಾರು ಎಷ್ಟು ಸಲ ತೆರೆದರೆಂಬ ಎಣಿಕೆಯೂ ಅವಳಿಗೆ ಸಿಗುತ್ತಿತ್ತು; ಒಬ್ಬ ಸದಸ್ಯ ಹೋದ ತಿಂಗಳಿನದನ್ನು ಹದಿನಾಲ್ಕು ಸಲ ತೆರೆದಿದ್ದ. ಬೋರ್ಡಿನ ಮೇಲೆ ಅವಳೇ ಪ್ರಶ್ನೆ ಹಾಕಿದ್ದಳು: ನಾವು ಯಾರಿಗಾಗಿ ಬರೆಯುತ್ತೇವೆ?

ಅದರ ಕೆಳಗೆ ಉದಯಕುಮಾರ ಬರೆದ ಉತ್ತರ: ವಯಸ್ಸು ಇಪ್ಪತ್ತರಿಂದ ಮೂವತ್ತು. ಪದವೀಧರ. ಇಂಗ್ಲಿಷ್ ಬಲ್ಲವ.

ಹಿಂದಿನ ಬೆಂಚಿನಲ್ಲಿ ಬಾಳೇಶನ ಕಿವಿ ಕಾದವು. ದಾಂಡೇಲಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಬೈಕ್ ಗ್ಯಾರೇಜು. ಎಂಟನೇ ತರಗತಿಗೇ ಶಾಲೆ ಬಿಟ್ಟವನು, ಫೋನಿನಲ್ಲಿ ವಿಡಿಯೊ ನೋಡಿ ಕೋಡು ಕಲಿತವನು. ಕುಂಬಾರವಾಡದ ಬಸ್ಸನ್ನು ಆ್ಯಪು ಒಂದು ತಾಸು ತಪ್ಪಾಗಿ ತೋರಿಸುತ್ತಿದ್ದಾಗ ಅದನ್ನು ಹುಡುಕಿ ತಿದ್ದಿದವನೂ ಅವನೇ. ಆ ಮಷೀನೂ ಅವನೇ.

"ಆ ಮಷೀನ್ ನಾನ ಅದೇನಿ," ಎಂದು ಎದ್ದು ನಿಂತ. "ನಮ್ಮ ಗ್ಯಾರೇಜಿಗೆ ಬರೋ ಮಂದಿಗೆ ಇಮೇಲ್ ಇಲ್ರಿ. ನಾನ ಒಂದೊಂದು ಇಂಗ್ಲಿಷ್ ಶಬ್ದ ಹುಡುಕಿ ಓದಿ ಹೇಳ್ತೇನಿ. ನಿಮ್ಮ ಪದವೀಧರ ಬೈಕ್ ಮ್ಯಾಲ ಅಡ್ಡಾಡ್ತಾನು. ಬಸ್ಸಿಗೆ ಕಾಯೋರು ಯಾರು? ಆ್ಯಪ್ ಒಬ್ಬರ ಸಲುವಾಗಿ, ಪತ್ರ ಇನ್ನೊಬ್ಬರ ಸಲುವಾಗೇನು?"

ಅವನ ಸಿಟ್ಟು ಶಿವಗಂಗಾಳ ಕಡೆ ತಿರುಗಿತು.

"ನಾ ಎಷ್ಟು ಸಲ ತೆಗೀತೇನಿ ಅಂತ ಎಣಸಾಕ ನಿಮಗ್ಯಾರು ಹೇಳಿದ್ರು? ಕೋಡು ಬಿಚ್ಚಿ ಇಟ್ಟೇವಿ ಅಂದ್ರ ಮನಸೂ ಬಿಚ್ಚಿ ಇಟ್ಟೇವೇನು?"

ಅವಳ ಕೈಯಲ್ಲಿದ್ದ ಬಳಪ ಪಟ್ಟನೆ ಎರಡು ತುಂಡಾಯಿತು. ಅವನು ಮೆಟ್ಟಿಲಿಳಿದು ಹೋದ. ದಾಂಡೇಲಿ ಮುಟ್ಟುವತನಕ ಆ ಮುರಿದ ಬಳಪವೇ ಕಣ್ಣೆದುರು. ಹೇಳಿದ್ದು ಖರೇ. ಆದರೆ ಅವಳ ಮುಖ ನೋಡಿ ಹೇಳಬೇಕಿತ್ತೇ? ಇನ್ನು ಅವಳ ಪತ್ರ ಬರುತ್ತದೋ ಇಲ್ಲವೋ.

ಬುಧವಾರ ಅವನು ಬೈಕಿನ ಚೈನು ಬಿಗಿಯುತ್ತಿದ್ದಾಗ ಎದುರಿಗೆ ಧೂಳು ಹಿಡಿದ ಎರಡು ಚಪ್ಪಲಿಗಳು ಬಂದು ನಿಂತವು.

"ನಮ್ಮ ಓದುಗರನ್ನ ನೋಡಾಕ ಬಂದೇನ್ರಿ."

ಶಿವಗಂಗಾ! ಬಾಳೇಶ ಎದ್ದವನು ಎಣ್ಣೆಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಬಚ್ಚಿಟ್ಟ. ಅವಳು ಅದನ್ನೂ ನೋಡಿದಳು, ನೋಡದವಳಂತೆ ತುಟಿ ಕಚ್ಚಿ ನಕ್ಕಳು.

ಬಸ್ಸಿಗೆ ಕಾಯುತ್ತ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದಳು ಕೋಗಿಲಬನದ ಹೊಳೆವ್ವ. "ಯಾರಪಾ ಈಕಿ? ಪತ್ರ ಬರಿಯೋ ಹುಡುಗಿ ಏನು?"

"ಹೌದಬೇ, ಅಕಿನ ನಾನು."

"ಹಂಗಾರ ನಮಗ ತಿಳಿಯೋ ಹಂಗ ಬರಿಯವ್ವಾ. ಇಂವ ಒಂದು ಸಾಲು ಓದೂದರಾಗ ಒಂದು ಕಪ್ ಚಾ ಮುಗಸ್ತಾನು. ಕಡೀಕ ನನ್ನ ಬಸ್ ಹೋಗಿಬಿಡ್ತೈತಿ."

ಪಕ್ಕದ ಅಂಗಡಿಯ ಗೌಸ ಟೈರು ಉರುಳಿಸುತ್ತ ಬಂದ. "ಮೂರ ಸಲ ಓದ್ತಾನ್ರಿ ಮೇಡಮ್. ನನಗೊಂದು, ಹೊಳೆವ್ವಗೊಂದು, ಕಂಡಕ್ಟರ್ ಸಾಹೇಬ್ರಿಗೊಂದು."

"ಮೂರು," ಎಂದಳು ಶಿವಗಂಗಾ. ಹುಬ್ಬು ತುಸು ಮೇಲೇರಿತು. "ಉಳಿದ ಹನ್ನೊಂದು ಯಾರಿಗ್ರಿ?"

ಬಾಳೇಶ ಹನ್ನೆರಡನೇ ನಂಬರಿನ ನಟ್ಟಿಗೆ ಹದಿನಾಲ್ಕರ ಸ್ಪ್ಯಾನರ್ ಹಾಕಿ ಗರಗರ ತಿರುಗಿಸತೊಡಗಿದ. ಗೌಸ ಬಿದ್ದು ಬಿದ್ದು ನಕ್ಕ.

ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗುವಾಗ ಇಬ್ಬರ ನಡುವೆ ಒಂದು ಸೈಕಲ್ ದಾಟುವಷ್ಟು ಜಾಗವಿತ್ತು.

"ಅವತ್ತು ಸಿಟ್ಟಿನಾಗ ಭಾಳ ಅಂದೆ."

"ಸಿಟ್ಟು ಖರೇನ ಇತ್ತಲ್ರಿ. ಎಣಿಸಿದ್ದು ನನ್ನ ತಪ್ಪು." ಅವಳು ನಡೆಯುತ್ತಲೇ ಅವನತ್ತ ತಿರುಗಿದಳು. "ಆ ಹನ್ನೊಂದು?"

"ಇಡೀ ಪತ್ರ ಇಂಗ್ಲಿಷಿನಾಗ ಇರ್ತೈತಿ. ಕಡೀಕ ಎರಡ ಶಬ್ದ ಕನ್ನಡ. ‘ನಿಮ್ಮ ಶಿವಗಂಗಾ’." ಬಾಳೇಶ ರಸ್ತೆಯನ್ನೇ ನೋಡುತ್ತ ಹೇಳಿದ. "ಎಲ್ಲಾರಿಗೂ ಹಂಗ ಬರೀತೀರಿ, ಗೊತ್ತೈತಿ. ಆದ್ರ ತೆಗೆದಾಗ ಅಲ್ಲಿ ನಾ ಒಬ್ಬನ ಇರ್ತೇನಿ."

ಬಸ್ಸು ಬಂದೇ ಬಿಟ್ಟಿತು. ಅವಳು ಮೆಟ್ಟಿಲ ಮೇಲೆ ತಿರುಗಿ ನಿಂತಳು.

"ಮೊದಮೊದಲು ನಾನೂ ಮಷೀನ್ ಅಂತ ತಿಳಕೊಂಡಿದ್ದೆ. ಆಮ್ಯಾಲ ಎಂಟಾದ್ರ ಒಂಬತ್ತು ಯಾವಾಗ ಆಗ್ತೈತಿ ಅಂತ ಕಾಯಾಕ ಹತ್ತಿದೆ." ಕಿವಿಯ ಹತ್ತಿರ ಕೂದಲು ಸರಿಸಿಕೊಂಡಳು. "ಇವತ್ತ ಆ ಎಣಿಕಿ ತಗದುಬಿಡ್ತೇನಿ."

ಬೇಡಿದ್ದೇ ಸಿಕ್ಕಿತ್ತು, ಆದರೂ ಬಾಳೇಶನ ಎದೆ ಹಗುರಾಗಲಿಲ್ಲ. "ಮತ್ತ ನಾ ಓದಿದ್ದು ನಿಮಗ ಹೆಂಗ ಗೊತ್ತಾಗ್ಬೇಕು?"

"ಓದಿದವರು ಬಂದು ಹೇಳ್ಬೇಕ್ರಿ."

ಮುಂದಿನ ತಿಂಗಳ ಪತ್ರ ಪೂರ್ತಿ ಕನ್ನಡದಲ್ಲಿತ್ತು. ಮೊದಲ ಸಾಲು: ‘ಇದು ಬಸ್ಸಿಗೆ ಕಾಯುವವರಿಗೆ, ಮತ್ತು ಅವರಿಗೆ ಓದಿ ಹೇಳುವವರಿಗೆ.’ ಹೊಳೆವ್ವನಿಗೆ ಓದಿ ಹೇಳಿದಾಗ ಚಹಾ ಅರ್ಧವೂ ಮುಗಿದಿರಲಿಲ್ಲ. ಆದರೆ ಕೊನೆಗೆ ಬಂದಾಗ ಬಾಳೇಶ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದ. ಅಲ್ಲಿ ‘ಶಿವಗಂಗಾ’ ಎಂದಷ್ಟೇ ಇತ್ತು.

ಅಂಗಡಿಯನ್ನು ಗೌಸನಿಗೆ ಒಪ್ಪಿಸಿ, ಹಳಿಯಾಳದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ಮುಂಡಗೋಡಿನಲ್ಲಿ ಕೇಳಿಕೊಂಡು ಅವಳ ಮನೆಬಾಗಿಲಿಗೆ ಬಂದು ನಿಂತ. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದವಳು ತಲೆ ಎತ್ತಿದಳು.

"ಎಷ್ಟ ಸಲ ಓದಿದ್ರಿ?"

"ಒಂದ ಸಲ. ಸೀದಾ ಬಸ್ ಹತ್ತಿದೆ." ಅವನಿಗಿನ್ನೂ ಉಸಿರು ಕೂತಿರಲಿಲ್ಲ. "‘ನಿಮ್ಮ’ ಎಲ್ಲಿ ಹೋತ್ರಿ?"

ಶಿವಗಂಗಾ ಕೆಂಪಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಈ ಸಲ ಬೆನ್ನ ಹಿಂದೆ ಕೈ ಬಚ್ಚಿಟ್ಟವಳು ಅವಳು.

"ಅದನ್ನ ಊರಿಗೆಲ್ಲಾ ಹಂಚೂದು ಬ್ಯಾಡ ಅನಿಸ್ತು," ಎಂದಳು. "ಒಬ್ಬರಿಗೆ ಎತ್ತಿಟ್ಟೇನಿ. ಒಳಗ ಬರ್ರಿ."