ಜರಡಿ ತಂದ ಮಾಟಗಾತಿ

ಬಹಳ ಹಿಂದೆ, ವೇಲ್ಸ್ ಎಂಬ ಗುಡ್ಡಗಾಡು ನಾಡಿನ ಒಂದು ರಾಜ್ಯದಲ್ಲಿ, ಸರೋವರದೊಳಗಿಂದ ಎದ್ದು ಬಂದ ಬಿಳಿ ಹಸುವೊಂದಿತ್ತು. ಅದಕ್ಕೆ ಒಡೆಯರೇ ಇಲ್ಲ. ಯಾರು ಎಂಥ ಪಾತ್ರೆ ಇಟ್ಟರೂ ಹಾಲು ತುಂಬಿಸುತ್ತಿತ್ತು. ತುಂಬುವ ತನಕ ನಿಂತಲ್ಲಿಂದ ಕದಲುವಂತಿರಲಿಲ್ಲ. ಹಾಲು ಕರೆದುಕೊಂಡವರು ಮಾತ್ರ ಮೊದಲ ಗುಟುಕನ್ನು ಅಲ್ಲೇ ಕುಡಿದು, "ತಣ್ಣಗಿರು ತಾಯಿ" ಅನ್ನಬೇಕು. ಕುಡಿಯದವರನ್ನು ಸರೋವರ ಬಿಡುತ್ತಿರಲಿಲ್ಲ. ರಾಜನೂ ಮೀಸೆಗೆ ನೊರೆ ಮೆತ್ತಿಕೊಂಡೇ ಹೋಗುತ್ತಿದ್ದ!

ಹಸುವನ್ನು ನೋಡಿಕೊಳ್ಳುತ್ತಿದ್ದವಳು ನೆಸ್ಟಾ. ಗಂಡ ಕಡಲಪಾಲಾಗಿದ್ದ, ಅವಳ ಎದೆಹಾಲು ಬತ್ತಿತ್ತು. ಹಸುಳೆ ಮಗಳು ಬದುಕಿದ್ದೇ ಈ ಹಸುವಿನಿಂದ.

ಊರಾಚೆ ಡಿಲಿಸ್ ಎಂಬ ಮಾಟಗಾತಿಯಿದ್ದಳು. ಹಸು ಬರುವ ಮೊದಲು ಹಸಿದವರೆಲ್ಲ ಅವಳನ್ನೇ ಬೇಡುತ್ತಿದ್ದರು. ಹಾಲು ಪುಕ್ಕಟೆ ಸಿಗುವಾಗ ಅವಳ ಬಾಗಿಲಿಗೆ ಕೈಯೊಡ್ಡಿಕೊಂಡು ಯಾರು ಹೋದಾರು? ಹೊಟ್ಟೆಕಿಚ್ಚು ತಡೆಯಲಾರದೆ ಒಂದು ಬೆಳಗ್ಗೆ ಬಂದವಳೇ ಕೆಚ್ಚಲ ಕೆಳಗೆ ಹಿಟ್ಟಿನ ಜರಡಿ ಇಟ್ಟು, ಮಂತ್ರ ಊದಿದಳು. ಹಾಲು ತಾನಾಗಿ ಸುರಿದು, ಸುರಿದಷ್ಟೂ ಮಣ್ಣುಪಾಲಾಯಿತು.

"ಅಯ್ಯೋ, ಜರಡಿ ತುಂಬೋದುಂಟೇ? ಹಸು ಸತ್ತೇ ಹೋಗುತ್ತೆ!" ಎಂದಳು ನೆಸ್ಟಾ.

"ಸಾಯಲಿ ಬಿಡು. ಮನುಷ್ಯರ ಕೈ ಹಾಕಿದ್ದು ಯಾವುದೂ ಇದರಲ್ಲಿ ನಿಲ್ಲೋದಿಲ್ಲ," ಎಂದು ಡಿಲಿಸ್ ಬಂಡೆ ಮೇಲೆ ಕೂತು ರೊಟ್ಟಿ ಮುರಿದಳು.

ನೆಸ್ಟಾ ಜರಡಿಗೆ ಹುಲ್ಲು ತುರುಕಿದಳು. ಹುಲ್ಲು ಹಾರಿಹೋಯಿತು. ತನ್ನ ಉಣ್ಣೆಯ ಶಾಲು ಹಾಸಿದಳು. ಶಾಲೂ ಹಾರಿಹೋಯಿತು. ಹಸುವಿನ ಪಕ್ಕೆಲುಬು ಕಾಣತೊಡಗಿತು, ಅತ್ತ ಮಗು ಹಸಿವಿನಿಂದ ಚೀರುತ್ತಿತ್ತು.

ಅಳುತ್ತಾ ಹಸುವಿನ ಬೆನ್ನು ಸವರಿದವಳಿಗೆ ತಟ್ಟನೆ ಹೊಳೆಯಿತು. ಬಾಲದ ಬುಡ ಕೆರೆದರೆ ಸಾಕು, ಹಸು ಬಾಲ ಎತ್ತುತ್ತಿತ್ತು. ದಿನಾ ಮೈ ತಿಕ್ಕುವಾಗ ನೆಸ್ಟಾ ಪಕ್ಕಕ್ಕೆ ಜಿಗಿಯಬೇಕಾಗುತ್ತಿತ್ತು! ಜರಡಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಬಾಲದ ಬುಡ ಕೆರೆದಳು. ಬಿತ್ತಪ್ಪಾ ಸಗಣಿ, ಥಪ್ಪನೆ! ಯಾವ ಮನುಷ್ಯರ ಕೈಯೂ ಹಾಕದ ಸಗಣಿ ಜರಡಿಯ ಕಣ್ಣುಗಳನ್ನೆಲ್ಲ ಮುಚ್ಚಿತು. ಮತ್ತೆ ಕೆಚ್ಚಲ ಕೆಳಗೆ ದೂಡಿದಳು. ನೊರೆ ಅಂಚು ಮುಟ್ಟಿದ್ದೇ ಹಸು ಕಾಲೆತ್ತಿ ಆಚೆ ನಡೆಯಿತು.

"ಜರಡಿ ತುಂಬಿತು. ಮೊದಲ ಗುಟುಕು ಕುಡಿ," ಎಂದಳು ನೆಸ್ಟಾ.

"ಥೂ! ಇದನ್ನಾ?" ಎಂದು ಡಿಲಿಸ್ ಓಟ ಕಿತ್ತಳು. ಸರೋವರ ಬಿಟ್ಟೀತೇ? ನೀರು ಉದ್ದನೆಯ ಕೈಯಾಗಿ ಚಾಚಿ, ಅವಳನ್ನು ಎಳೆತಂದು ಕೂರಿಸಿತು. ಮೂಗು ಹಿಡಿದುಕೊಂಡು ಕುಡಿದಳು. ಆಮೇಲೆ ಶಾಪ ಹಾಕಲೆಂದು ಬಾಯಿ ತೆರೆದರೆ ಬಂದದ್ದು, "ಅಂಬಾ!" ಅಂದಿನಿಂದ ಆ ಬಾಯಿಗೆ ಇನ್ನೊಂದು ಮಂತ್ರ ಬರಲಿಲ್ಲ.

ಹಸು ಹೊಟ್ಟೆ ತುಂಬ ಮೇದು ಬಂದು, ನೆಸ್ಟಾಳ ಪುಟ್ಟ ಮರದ ಬಟ್ಟಲನ್ನು ತುಂಬಿಸಿತು. ಮಗು ಕುಡಿದು ನಕ್ಕಿತು. "ತಣ್ಣಗಿರು ತಾಯಿ," ಎಂದು ನೆಸ್ಟಾ ಹಸುವಿನ ಕೊರಳು ತಬ್ಬಿದಳು. ಆ ರಾಜ್ಯದವರೆಲ್ಲ ಹಾಲುಂಡು ಸುಖವಾಗಿದ್ದರು. ಜರಡಿ ಹಿಡಿದು ಬಂದವರನ್ನು ಮಾತ್ರ ಹಸು ಬಾಲ ಎತ್ತಿಯೇ ಬರಮಾಡಿಕೊಳ್ಳುತ್ತಿತ್ತು.