ಮುಚ್ಚಳದ ಚುಕ್ಕಿಗಳು

ಅಮೆರಿಕದ ಫ್ರಿಸ್ಕೋದಲ್ಲಿರುವ ನಮ್ಮ ಮನೆಯೆದುರು ಒಂದು ಮ್ಯಾನ್‌ಹೋಲ್ ಇದೆ. ಕಬ್ಬಿಣದ ಮುಚ್ಚಳದ ತುಂಬ ಉಬ್ಬು ಚುಕ್ಕಿಗಳು, ಅಂಚಿನಲ್ಲಿ ‘ಮೇಡ್ ಇನ್ ಇಂಡಿಯಾ’ ಎಂಬ ಅಕ್ಷರಗಳು.

ಮೈಸೂರಿನಿಂದ ಬಂದಿದ್ದ ಅತ್ತೆ ಅಲಮೇಲು, “ಚುಕ್ಕಿ ಅವ್ರೇ ಇಟ್ಕೊಟ್ಟಿದ್ದಾರೆ ಕಣೇ, ಎಳೆ ಎಳೆದ್ರಾಯ್ತು” ಎಂದು ದಿನಾ ಬೆಳಿಗ್ಗೆ ಅದರ ಮೇಲೇ ರಂಗೋಲಿ ಹಾಕತೊಡಗಿದರು. ರಸ್ತೆಯೆಲ್ಲ ಹಿಮಗಟ್ಟಿದ ದಿನವೂ ಆ ಮುಚ್ಚಳ ಅಂಗೈಯಷ್ಟು ಬೆಚ್ಚಗಿರುತ್ತಿತ್ತು.

ಒಂದು ಬೆಳಿಗ್ಗೆ ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಬಂದರು.

“ನನ್ನ ಬೆರಳು ಹೋದಲ್ಲೆಲ್ಲ ಕೆಳಗಿಂದ ಯಾರೋ ಗೀಚ್ತಾ ಬರ್ತಿದ್ದಾರೆ.”

“ಕೆಳಗೆ ಹರಿಯೋದು ಕೊಳಚೆ ನೀರು, ಅತ್ತೆ” ಎಂದು ಸಿಡುಕಿದೆ.

ಅಂದು ಮಧ್ಯಾಹ್ನವೇ ಪೈಪ್ ರಿಪೇರಿಯವರು ಬಂದು ಮುಚ್ಚಳವನ್ನೆತ್ತಿ ಮಗುಚಿ ಹಾಕಿದರು. ಅಡಿಯಲ್ಲಿ ಒಂದು ಚುಕ್ಕಿಯೂ ಇಲ್ಲದ ತುಕ್ಕು ಕಬ್ಬಿಣ. ಅದರ ಮೇಲೆ ಬೆಳ್ಳಗೆ ರಂಗೋಲಿ ಇತ್ತು. ಪೂರ್ತಿಯಲ್ಲ, ಅತ್ತೆ ಹಾಕದೆ ಬಿಟ್ಟು ಬಂದಿದ್ದ ಅರ್ಧ ಮಾತ್ರ.